ಬ್ಯಾಟರಿಗಿಟ್ಟ ಕುಂಕುಮ

ಮುರಿದ ಸೊಂಟಕ್ಕೆ ಮೊಳೆ ಹೊಡೆದು ಮನುಷ್ಯರನ್ನೇ ನಡೆಸುವ ಡಾಕ್ಟರ್ ಶೇಖರಪ್ಪನವರಿಗೆ ಕೆಂಟನ್ನಿನ ತಮ್ಮ ಮನೆಯ ಮುಂದೆ ನಿಂತ ಕಾರನ್ನು ಒಂದಡಿಯೂ ನಡೆಸಲಾಗಲಿಲ್ಲ. ಅದೂ ಯಾವತ್ತು? ಧಾರವಾಡದಲ್ಲಿ ಮೂರು ತಿಂಗಳು ತಂಗಿಯ ಮಗಳ ಬಾಣಂತನ ಮುಗಿಸಿ ಹೆಂಡತಿ ಕಲ್ಯಾಣಿ ಮರಳುವ ದಿನ.

ಹೋದ ಸಲ ಡ್ಯೂಟಿಯ ನೆಪ ಹೇಳಿ ಅವರು ಹೀಥ್ರೂಗೆ ಹೋಗಿರಲಿಲ್ಲ. ಎರಡು ಸೂಟ್‌ಕೇಸು, ಒಂದು ರೊಟ್ಟಿಗಂಟು ಹೊತ್ತು ಅವಳೊಬ್ಬಳೇ ಟ್ಯೂಬ್ ರೈಲಿನಲ್ಲಿ ಬಂದಿದ್ದಳು. ಆ ಪುರಾಣ ಮನೆಯಲ್ಲಿ ವಾರಕ್ಕೊಮ್ಮೆ ಪಾರಾಯಣವಾಗುತ್ತಿತ್ತು. ಈ ಸಲ ಏರ್‌ಪೋರ್ಟಿನ ಬಾಗಿಲಲ್ಲೇ ನಿಂತಿರುತ್ತೇನೆಂದು ಮಾತು ಕೊಟ್ಟಿದ್ದರು.

ಕಾರು ಸತ್ತದ್ದಕ್ಕೆ ಕಾರಣ ಅವರೇ. ಪಕ್ಕದ ಸೀಟು ಖಾಲಿಯಿದ್ದಾಗ ಸ್ಟಿಯರಿಂಗ್ ಹಿಡಿಯಲು ಮನಸ್ಸೇ ಬರುತ್ತಿರಲಿಲ್ಲ. ("ಬ್ರೇಕ್, ಬ್ರೇಕ್" ಎಂದು ಬೈಯುವವರಿಲ್ಲದೆ ಅದೆಂಥ ಸವಾರಿ?) ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಜನವರಿಯ ಚಳಿಗೆ ನಿಂತಲ್ಲೇ ನಿಂತ ಕಾರಿನ ಬ್ಯಾಟರಿ ಪ್ರಾಣ ಬಿಟ್ಟಿತ್ತು.

ಎದುರು ಮನೆಯ ನಿವೃತ್ತ ಎಂಜಿನಿಯರ್ ಆನಂದತೀರ್ಥರು ಬಂದು ನಾಡಿ ನೋಡಿ ಮರಣ ಖಚಿತಪಡಿಸಿದರು. ಹೊಸ ಬ್ಯಾಟರಿ ಬಂತು. ಶೇಖರಪ್ಪನವರೇ ಗ್ಲೌಸು ಹಾಕಿಕೊಂಡು ಕೂರಿಸಿದರು. ಕೀಲಿ ತಿರುಗಿಸಿದರೆ ಬರೀ ಟಕ್, ಟಕ್.

"ಬ್ಯಾಟರಿ ಕಚ್ಚುವ ವೈರಿನ ತುದಿಯ ಹಿಡಿಕೆ ನೋಡಿ, ಕುಂಕುಮ, ಕಿಲುಬು ಎಲ್ಲಾ ಕೂತಿದೆ," ಎಂದರು ಆನಂದತೀರ್ಥರು. "ಚೆನ್ನಾಗಿ ಉಜ್ಜಿ, ಬಿಗಿಯಾಗಿ ಕೂರಿಸಿ."

"ಅದನ್ನ ಮುಟ್ಟಬ್ಯಾಡ್ರಿ. ಆಯುಧಪೂಜಿ ಕುಂಕುಮ ಅದು."

"ಕರೆಂಟಿಗೆ ಮಡಿ ಮೈಲಿಗೆ ಗೊತ್ತಾಗಲ್ಲ ಡಾಕ್ಟ್ರೇ," ಎಂದು ಆನಂದತೀರ್ಥರು ಊಟಕ್ಕೆ ಹೊರಟುಹೋದರು.

ನಿಜ ಹೇಳಲು ಶೇಖರಪ್ಪನವರಿಗೆ ನಾಚಿಕೆ. ಪೂಜೆಯ ಮರುದಿನವೇ ಕಲ್ಯಾಣಿ ಊರಿಗೆ ಹೋಗಿದ್ದಳು. ಆ ಹಿಡಿಕೆಯ ಮೇಲಿನ ಕೆಂಪು ಹೆಬ್ಬೆರಳ ಗುರುತು ಅವಳದು. ಎಷ್ಟೋ ಸಂಜೆ ಎಣ್ಣೆ ನೋಡುವ ನೆಪದಲ್ಲಿ ಬಾನೆಟ್ ಎತ್ತಿ ಅದನ್ನು ಕಂಡು ಒಳಗೆ ಬಂದಿದ್ದರು. ಈಗಲೂ ಅದು ಉದುರೀತೆಂದು ನಟ್ಟನ್ನು ಪೂರ್ತಿ ಬಿಗಿದಿರಲಿಲ್ಲ. ಬಟ್ಟೆ ಹಿಡಿದು ಬಗ್ಗುವರು, ಮನಸ್ಸು ಬಾರದೆ ಎದ್ದು ಮತ್ತೊಮ್ಮೆ ಕೀಲಿ ತಿರುಗಿಸುವರು. ಒಳಗೆ ಟೇಬಲ್ ಮೇಲಿದ್ದ ಫೋನು ಆರು ಸಲ ಕೂಗಿ ಸುಮ್ಮನಾಗಿತ್ತು.

ಹಿಂದೆ ಟ್ಯಾಕ್ಸಿ ನಿಂತಿತು. ಕಲ್ಯಾಣಿ ರೊಟ್ಟಿಗಂಟಿನ ಸಮೇತ ಇಳಿದಳು.

"ಬಾಗಲದಾಗ ನಿಂತಿರ್ತೀನಿ ಅಂದಿದ್ರಿ. ಯಾವ ಬಾಗಲಾ?"

ಅವರು ತಡವರಿಸುತ್ತ ಎಲ್ಲ ಹೇಳಿದರು. "ನಿನ್ನ ಕೈಗುರುತು... ಅಳಸಾಕ ಮನಸ್ಸಾಗಲಿಲ್ಲ."

ಕಲ್ಯಾಣಿ ಬಗ್ಗಿ ನೋಡಿದಳು. "ಸೀರಿಗೆ ಗ್ರೀಸ್ ಹತ್ತತೈತಿ ಅಂತ ನಾ ಒಳಗ ಕೈನ ಹಾಕಿಲ್ರೀ. ಪೂಜಿ ದಿನ ನೀವು ಡ್ಯೂಟಿಗೆ ಹೋಗಿದ್ರಿ, ಬಾನೆಟ್ ಎತ್ತಿ ಹಚ್ಚಿದವ್ರು ಅವ್ರು. ಇದು ಆನಂದತೀರ್ಥರ ಹೆಬ್ಬೆರಳು."

ಮೂರು ತಿಂಗಳ ವಿರಹವನ್ನೆಲ್ಲ ಎದುರು ಮನೆಯ ಎಪ್ಪತ್ತರ ಮುದುಕರ ಹೆಬ್ಬೆರಳಿಗೆ ಸಲ್ಲಿಸಿದ್ದ ಶೇಖರಪ್ಪನವರು ಆ ಮನೆಯ ಕಿಟಕಿಯತ್ತ ನೋಡಿದರು. ಕಲ್ಯಾಣಿ ಅವರ ಕೈಯಿಂದ ಬಟ್ಟೆ ಕಸಿದು, ಹಿಡಿಕೆ ಬಿಚ್ಚಿಸಿ, ಒಳಗೂ ಹೊರಗೂ ತಿಕ್ಕಿ, ನಟ್ಟು ಬಿಗಿಸಿದಳು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಸಾಮಾನನ್ನು ಮನೆಯೊಳಗಿಟ್ಟು ಬಂದು ಅವಳು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

"ನಡೀರಿ."

"ಎಲ್ಲಿಗೆ?"

"ಏರ್‌ಪೋರ್ಟಿಗೆ. ಕರಕೊಂಡು ಬರ್ತೀನಿ ಅಂದಿದ್ರಲ್ಲ."

ಮೊದಲ ತಿರುವಿನಲ್ಲೇ "ಬ್ರೇಕ್, ಬ್ರೇಕ್" ಶುರುವಾಯಿತು. ಶೇಖರಪ್ಪನವರು ಬೇಕೆಂದೇ ಸುತ್ತುದಾರಿ ಹಿಡಿದರು.