ಸ್ಪ್ಯಾನಿಷ್ ದೊರೆಗೆ ನನ್ನ ವಂಶಾವಳಿ

ಇಲ್ಲಿ ಹೇಳುವುದೆಲ್ಲ ನಡೆದದ್ದೇ ಎಂದು ಪ್ರಮಾಣ ಮಾಡಲಾರೆ. ಮದರಾಸಿನಲ್ಲಿ ಬಿ.ಎ. ಓದುವಾಗ ದೇವರನ್ನು ಅನುಮಾನಿಸಲು ಕಲಿತೆ. ಈಚೆಗೆ ಆ ಅನುಮಾನ ನನ್ನ ನೆನಪಿನ ಮೇಲೇ ತಿರುಗಿದೆ. ಅತಿಥಿ ಬಂದದ್ದು ಸೋಮವಾರವೋ ಗುರುವಾರವೋ, ಅವರಿಗೆ ಮೀಸೆಯಿತ್ತೋ ಇಲ್ಲವೋ ತಿಳಿಯದು. ನನ್ನ ಹೆದರಿಕೆ ಮಾತ್ರ ಚೆನ್ನಾಗಿ ನೆನಪಿದೆ.

ಚಳ್ಳಕೆರೆಯ ಅಮಲ್ದಾರರ ಕಚೇರಿಯಲ್ಲಿ ನಾನಾಗ ಹಂಗಾಮಿ ಗುಮಾಸ್ತ. ಸ್ಪ್ಯಾನಿಷ್ ಆಡುವ ದೂರದೇಶದ ದೊರೆಯೊಬ್ಬರು ಅಮೃತಮಹಲ್ ಹೋರಿಗಳನ್ನು ನೋಡಲು ಅವು ಮೇಯುವ ಕಾವಲಿಗೆ ಬರುವವರಿದ್ದರು. ಅಮಲ್ದಾರರು ನನ್ನನ್ನು ಕರೆದು, “ಬಿ.ಎ. ಆದೋರು ನೀವೊಬ್ರೇ. ಅವ್ರ ಭಾಷೇಲೇ ಮರ್ಯಾದೆಯಾಗಿ ಪರಿಚಯ ಹೇಳ್ಕಳ್ರಿ. ಎಡವಟ್ಟಾದ್ರೆ ಕೆಲ್ಸ ಕಾಯಂ ಆಗೋ ಮಾತು ಮರ್ತುಬಿಡ್ರಿ” ಎಂದರು. ನಾನು ಓದಿದ್ದು ತರ್ಕಶಾಸ್ತ್ರ. ಅದನ್ನು ಅಮಲ್ದಾರರಿಗೆ ಹೇಳುವ ಧೈರ್ಯವಿಲ್ಲದೆ, ಮೊಳಕಾಲ್ಮೂರಿನಲ್ಲಿ ಬೀಡುಬಿಟ್ಟಿದ್ದ, ಆ ಭಾಷೆ ಬಲ್ಲ ಪಾದ್ರಿಯೊಬ್ಬರ ಬಳಿಗೆ ಗಾಡಿ ಕಟ್ಟಿಸಿಕೊಂಡು ಓಡಿದೆ. ಅವರು ಬಾಯಿಪಾಠ ಮಾಡಿಸಿದ್ದು ಇಷ್ಟು: “ಬುಯೆನೋಸ್ ದಿಯಾಸ್, ಸೆನ್ಯೋರ್. ಮೆ ಯಾಮೋ ಸಿದ್ದಪ್ಪ. ಸೆರ್ವಿದೋರ್ ದೆ ಉಸ್ತೆದ್.” ಅಂದರೆ, ನಮಸ್ಕಾರ ಸ್ವಾಮಿ, ನನ್ನ ಹೆಸರು ಸಿದ್ದಪ್ಪ, ತಮ್ಮ ಸೇವಕ. ಹಿಂದಿರುಗುವಾಗ ದಾರಿಯುದ್ದಕ್ಕೂ ಎತ್ತುಗಳಿಗೆ ನನ್ನ ಪರಿಚಯ ಹೇಳಿಕೊಂಡೆ.

ಕಾವಲಿನಲ್ಲಿ ಸುಡು ಮಧ್ಯಾಹ್ನ. ನಾನು ಗೌರವಕ್ಕೆಂದು ರುಮಾಲನ್ನು ಬಿಗಿದು ಕಟ್ಟಿದ್ದೆ. ದೊರೆ ಗೌರವಕ್ಕೆಂದು ಟೋಪಿ ತೆಗೆದು ಎದೆಗೊತ್ತಿಕೊಂಡರು. ಬೋಳುತಲೆ. ತಮ್ಮ ಹೆಸರಿನೊಡನೆ ತಂದೆಯ ಮನೆತನ, ತಾಯಿಯ ಮನೆತನ ಎರಡನ್ನೂ ಹೇಳಿದರು. ಅದು ಅವರ ಪದ್ಧತಿಯೆಂದು ಅಮಲ್ದಾರರು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ನನ್ನ ಪಾಠ ಒಪ್ಪಿಸಿದೆ. ಪಕ್ಕದಲ್ಲಿದ್ದ ದನಗಾಹಿಗಳ ಹಿರಿಯ ಬೊಮ್ಮಯ್ಯ ಸುಮ್ಮನಿರಬೇಕಲ್ಲ!

“ಅವ್ರು ಅಪ್ಪನ ಕಡೆ, ಅವ್ವನ ಕಡೆ ಎಲ್ಲಾ ಹೇಳಿದ್ರು. ನೀವು ಬರೀ ಸಿದ್ದಪ್ಪ ಅಂದ್ರೆ ಹೆಂಗ್ರಿ? ದಿಕ್ಕಿಲ್ಲದೋನು ಅಂದ್ಕಂಡಾರು!”

ಹೆದರಿದವನಿಗೆ ಯಾರ ಮಾತಾದರೂ ಸರಿಯೇ. ತಂದೆ, ತಾತ, ಮುತ್ತಾತ, ತಾಯಿಯ ತವರು, ಮನೆದೇವರು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ‘ಸೆನ್ಯೋರ್’ ಅಂಟಿಸುತ್ತ ಹೋದೆ. ಪ್ರತಿ ಹೆಸರಿಗೂ ದೊರೆ ತಲೆಬಾಗಿದರು. ಟೋಪಿ ಮಾತ್ರ ಎದೆಯ ಮೇಲೆಯೇ. ನೆತ್ತಿ ಹಣ್ಣುಮೆಣಸಿನಕಾಯಿಯಂತೆ ಕೆಂಪಾಗುತ್ತಿತ್ತು. ನಾನು ಮುಗಿಸಿದೆನೆನ್ನುವಾಗ ಬೊಮ್ಮಯ್ಯ ಹೋರಿಯನ್ನು ಮುಂದೆ ತಂದ: “ಇದರದ್ದೂ ಹೇಳ್ರಿ ಸ್ವಾಮಿ, ನಿಮ್ಮದಕ್ಕಿಂತ ದೊಡ್ಡ ವಂಶ ಐತೆ.”

ಹೋರಿಯ ಅಜ್ಜಿಯವರೆಗೆ ಬಂದಿದ್ದೆ. ದೊರೆ ತೂಗಾಡಿ, ಟೋಪಿಯ ಸಮೇತ ಅಮಲ್ದಾರರ ಮೇಲೆ ಒರಗಿದರು.

“ಏ, ನೀರು ತರ್ರೋ! ಸಿದ್ದಪ್ಪ, ಬಾಯಿ ಮುಚ್ರಿ!” ಎಂದು ಅಮಲ್ದಾರರು ಕೂಗಿದರು.

ಪರದೇಶದ ದೊರೆಯನ್ನು ಪರಿಚಯದಿಂದಲೇ ಕೊಂದ ಗುಮಾಸ್ತನಿಗೆ ಯಾವ ಶಿಕ್ಷೆ ಎಂದು ಯೋಚಿಸುತ್ತ ನಿಂತೆ. ಪುಣ್ಯಕ್ಕೆ, ಮಜ್ಜಿಗೆ ಕುಡಿದು ಅವರು ಚೇತರಿಸಿಕೊಂಡರು. ನನ್ನ ಕೆಲಸವೂ ಕಾಯಂ ಆಯಿತು. ಆದರೆ ಯಾವ ಅತಿಥಿಯೂ ಕಾಲಿಡದ ಹಿಂದಿನ ಕೋಣೆಯಲ್ಲಿ.

ಇದರಲ್ಲಿ ಎಷ್ಟು ನಿಜವೋ ಕಾಣೆ. ಒಂದನ್ನು ಮಾತ್ರ ಆಮೇಲೆ ಪಾದ್ರಿಗಳನ್ನೇ ಕೇಳಿ ಖಚಿತ ಮಾಡಿಕೊಂಡೆ: ಎದುರಿನವನು “ತಲೆ ಮುಚ್ಚಿಕೊಳ್ಳಿ ಸ್ವಾಮಿ” ಎಂದು ಉಪಚಾರ ಹೇಳುವವರೆಗೂ ಅಲ್ಲಿನ ಮರ್ಯಾದಸ್ಥರು ಟೋಪಿ ಹಾಕಿಕೊಳ್ಳುವುದಿಲ್ಲವಂತೆ.