ಮಾವನವರ ಕಾರಿನ ಅಸಲಿ ಏಸಿ

ದಿಲ್ಲಿಯ ಮೆಕ್ಯಾನಿಕ್‌ಗಳು ಅಸಲಿ ಭಾಗ ಕದ್ದು ನಕಲಿ ಹಾಕುತ್ತಾರೆಂದು ನಾನು ದೃಢವಾಗಿ ನಂಬಿದ್ದೆ. ಯಾರು ಹೇಳಿದ್ದರೋ ನೆನಪಿಲ್ಲ. ಬಹುಶಃ ನಾನೇ ಇರಬೇಕು.

ಮಾವನವರು ದಿಲ್ಲಿಯ ನೌಕರಿ ಮುಗಿಸಿ ಮೈಸೂರಿಗೆ ಮರಳುವಾಗ, ಅರವತ್ತರ ದಶಕದ ತಮ್ಮ ಕಾರನ್ನು, ತಾವೇ ಮುಂದೆ ನಿಂತು ಹಾಕಿಸಿದ್ದ ಏಸಿಯ ಸಮೇತ, ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸ್ ಮುಂದೆ ಬಿಟ್ಟುಹೋಗಿದ್ದರು. ಮೇ ತಿಂಗಳಲ್ಲಿ ಫೋನ್ ಬಂತು: ನೋಡಲು ಬರುತ್ತಿದ್ದೇನೆ, ಏಸಿ ತಣ್ಣಗಿರದಿದ್ದರೆ ಕಾರು ನೋಯ್ಡಾದ ನಿಮ್ಮ ಷಡ್ಡಕನಿಗೆ. ಏಸಿ ಆಗ ಬಿಸಿಗಾಳಿ ಇಲಾಖೆಯಲ್ಲಿ ಸೇವೆ ಸಲ್ಲಿಸುತ್ತಿತ್ತು!

ಮೆಕ್ಯಾನಿಕ್ ಓಂಪ್ರಕಾಶ್ ಏಸಿಯ ಪೈಪೂ ಸೇರಿ ಎಲ್ಲ ಬಿಚ್ಚಿದ. ನಾನು ರಜೆ ಹಾಕಿ ಸ್ಟೂಲಿನ ಮೇಲೆ ಕಾವಲು ಕೂತೆ. ಅವನು ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ಪ್ರತಿ ಭಾಗಕ್ಕೂ ಹೆಂಡತಿ ಸುಮಾಳ ನೇಲ್ ಪಾಲಿಶ್‌ನಿಂದ ಗುರುತು ಹಾಕಿದೆ. ಅವನು ಥಿನ್ನರ್‌ನಲ್ಲಿ ತೊಳೆದಾಗ ಗುರುತೆಲ್ಲ ಮಾಯ. ಅನುಮಾನ ಖಚಿತವಾಯಿತು!

"ರೀ, ಆ ಹಳೇ ಪೈಪು ಕದ್ದು ಅವನಿಗೇನಾಗಬೇಕು?" ಎಂದಳು ಸುಮಾ. ಮೂರು ಸಲ ಎಚ್ಚರಿಸಿದ್ದೆ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಒಂದೇ ಸಲ.

ಇಪ್ಪತ್ತು ವರ್ಷ ಸರ್ಕಾರಿ ಫೈಲು ನೋಡಿದವನಿಗೆ ಲಿಖಿತ ದಾಖಲೆಯೇ ಗತಿ. ಮರುದಿನ ಓಂಪ್ರಕಾಶ್ ಊಟಕ್ಕೆ ಹೋದಾಗ ಒಂದು ಚೀಟಿ ಬರೆದು, ಸಹಿ ಹಾಕಿ, ಮಡಿಸಿ, ತೊಳೆದಿಟ್ಟ ಪೈಪಿನೊಳಗೆ ತುರುಕಿದೆ. ಬರೆದದ್ದು ಕನ್ನಡದಲ್ಲಿ. ದಿಲ್ಲಿಯ ಯಾವ ಕಳ್ಳ ಕನ್ನಡ ನಕಲು ಮಾಡಿಯಾನು! ಜೋಡಿಸುವ ಮುಂಚೆ ತೆಗೆದು ತಾಳೆ ನೋಡುವುದು ಯೋಜನೆ. ಅಷ್ಟರಲ್ಲಿ ಸ್ಟೂಲಿನ ಮೇಲೆ ನಿದ್ದೆ ಬಂತು. ಎದ್ದಾಗ ಪೈಪು ಕಾರಿನೊಳಗಿತ್ತು. ಗುಟ್ಟು ರಟ್ಟಾದೀತೆಂದು ಸುಮ್ಮನಿದ್ದೆ.

ಓಂಪ್ರಕಾಶ್ ಗ್ಯಾಸ್ ತುಂಬಿದ. ತಣ್ಣಗಾಗಲಿಲ್ಲ. ಎಲ್ಲೋ ಕಟ್ಟಿಕೊಂಡಿದೆ, ಪೈಪು ಮತ್ತೆ ಬಿಚ್ಚಬೇಕೆಂದ. ಕದಿಯಲು ಎರಡನೆಯ ಅವಕಾಶ! ನಾನು ಒಪ್ಪಲಿಲ್ಲ.

ಮಾವನವರು ಬಂದ ದಿನ, ನಿಜಾಮುದ್ದೀನ್ ಸ್ಟೇಷನ್‌ನಿಂದ ಹೊರಟ ಐದೇ ನಿಮಿಷದಲ್ಲಿ ಅವರ ಜುಬ್ಬಾ ಬೆನ್ನಿಗೆ ಅಂಟಿತು.

"ಅಳಿಯಂದ್ರೇ, ಗ್ಯಾರೇಜಿಗೆ ತಿರುಗಿಸಿ" ಎಂದರು. ದಾರಿಯುದ್ದಕ್ಕೂ ಓಂಪ್ರಕಾಶನ ಕಳ್ಳತನವನ್ನು ಸವಿವರವಾಗಿ ನಿವೇದಿಸಿದೆ.

ಅವನು ಪೈಪು ಬಿಚ್ಚಿ, ಇಕ್ಕಳದಿಂದ ಎಣ್ಣೆ ಕುಡಿದ ಚೀಟಿಯನ್ನು ಎಳೆದ. ಏನು ಬರೆದಿದೆಯೆಂದು ಓದಲು ಮಾವನವರಿಗೆ ಕೊಟ್ಟ. "ಸಾಬ್, ಯೇ ಕ್ಯಾ ಲಿಖಾ ಹೈ?"

ಮಾವನವರು ಕನ್ನಡಕ ಏರಿಸಿ ಓದಿದರು: "ಇದು ನನ್ನ ಮಾವನವರ ಅಸಲಿ ಪೈಪು. ಈ ಚೀಟಿ ಸಿಗದಿದ್ದರೆ ಓಂಪ್ರಕಾಶ್ ಕಳ್ಳ." ಆಮೇಲೆ, ಮೂವತ್ತು ವರ್ಷ ದಿಲ್ಲಿಯಲ್ಲಿ ಕಲಿತ ಅಚ್ಚುಕಟ್ಟಾದ ಹಿಂದಿಯಲ್ಲಿ ಅದನ್ನೇ ಅನುವಾದಿಸಿದರು.

ಓಂಪ್ರಕಾಶ್ ಚೀಟಿಯನ್ನು ತಾಳೆ ನೋಡಿಕೊಳ್ಳಲು ನನ್ನ ಕೈಗಿಟ್ಟ. "ಅಸಲಿ ಹೈ, ಸಾಬ್. ದೇಖ್ ಲೀಜಿಯೇ."

ಕಾರು ಈಗ ನೋಯ್ಡಾದಲ್ಲಿದೆ. ಒಳಗೆ ತಣ್ಣಗಿದೆಯಂತೆ. ಷಡ್ಡಕ ಹೇಳಿದ್ದು, ನಂಬುವುದು ಹೇಗೆ? ಆ ಕಾರಿನ ಒಂದೇ ಒಂದು ಭಾಗ ನನ್ನ ಬಳಿ ಉಳಿದಿದೆ. ಅದು ಅಸಲಿ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಸಹಿ ನನ್ನದೇ.