ಯಾರಿಗೂ ಬಗ್ಗದ ನನ್ನ ಮೊಬೈಲ್ ನಂಬರು

ಮನುಷ್ಯನಿಗೆ ಜಂಭ ಕೊಚ್ಚಿಕೊಳ್ಳಲು ಏನಾದರೊಂದು ಬೇಕು. ಕೆಲವರಿಗೆ ಕಾರು, ಕೆಲವರಿಗೆ ದುಬೈಯಲ್ಲಿರುವ ಅಳಿಯ. ಇವೆರಡೂ ಇಲ್ಲದ ನಾನು ನನ್ನ ಮೊಬೈಲ್ ನಂಬರನ್ನು ನೆಚ್ಚಿಕೊಂಡಿದ್ದೆ. ಹತ್ತಂಕಿಯ ಆ ಮಹಾಸಂಖ್ಯೆ ಅವಿಭಾಜ್ಯ. ಎಂದರೆ ಒಂದು ಮತ್ತು ಸ್ವತಃ ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಗಣಿತದ ಉಪನ್ಯಾಸಕನಿಗೆ ಇದಕ್ಕಿಂತ ಒಪ್ಪುವ ನಂಬರುಂಟೇ? ನಮ್ಮ ಮನೆಯಲ್ಲಿ ನನ್ನ ಕಡೆಯದೆಂದು ಯಾರಿಗೂ ಬಗ್ಗದೆ ಉಳಿದದ್ದು ಅದೊಂದೇ. ಸುಮ್ಮನೆ ಹೇಳಿದ ಮಾತೂ ಅಲ್ಲ. ಒಂದು ಇಡೀ ಬೇಸಗೆ ರಜೆ ಕ್ಯಾಲ್ಕುಲೇಟರ್ ಹಿಡಿದು, ಬೆವರು ಸುರಿಸಿಕೊಂಡು ಭಾಗಿಸಿ ನೋಡಿದ್ದೆ. ಅಂದಿನಿಂದ ಪ್ರತಿ ವರ್ಷ ತರಗತಿಯಲ್ಲಿ ಇದರ ಗುಣಗಾನ ತಪ್ಪಿದ್ದಿಲ್ಲ.

ಈ ನಂಬರಿಗೆ ಕಂಟಕವಾಗಿ ಬಂದವರು ನನ್ನ ಹೆಂಡತಿಯ ಅಣ್ಣ. ಬಂದರಿನಲ್ಲಿ ಒಣಮೆಣಸಿನ ಸಗಟು ವ್ಯಾಪಾರ ಮಾಡಿ, ಅದನ್ನು ಮಗನಿಗೆ ಒಪ್ಪಿಸಿ, ಈಗ ಸಂಖ್ಯಾಶಾಸ್ತ್ರಿಗಳಾಗಿದ್ದಾರೆ. ಕಾರಿನದಾಗಲಿ, ಮನೆಯದಾಗಲಿ, ಸಿಕ್ಕಿದ ನಂಬರಿನ ಅಂಕಿಗಳನ್ನು ಕೂಡಿ ಭವಿಷ್ಯ ಹೇಳಿಬಿಡುತ್ತಾರೆ. ಒಂದು ಭಾನುವಾರ ಕುದ್ರೋಳಿಯ ನಮ್ಮ ಮನೆಗೆ ಊಟಕ್ಕೆ ಬಂದವರು ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಮಧ್ಯೆ ನನ್ನ ಕಡೆ ತಿರುಗಿದರು.

“ಭಾವ, ನೀವು ಇನ್ನೂ ಪ್ರಿನ್ಸಿಪಾಲ್ ಆಗದ್ದು ಎಂತಕ್ಕೆ ಗೊತ್ತುಂಟಾ? ನಂಬರಿನ ದೋಷ ಮಾರಾಯ್ರೆ.”

ನನ್ನಲ್ಲಿ ದೋಷವಿರಬಹುದೆಂದು ಅವರು ಹೇಳಲಿಲ್ಲವಲ್ಲ, ದೊಡ್ಡ ಮನಸ್ಸು. ಆದರೆ ಹೆಂಡತಿ ಕೂಡಲೇ, “ಹಾಗಾದ್ರೆ ಅಣ್ಣ ನೋಡಿ ಹೇಳ್ಲಿ. ಕೆಟ್ಟದಾದ್ರೆ ನಾಳೆಯೇ ಬೇರೆ ಸಿಮ್ ತೆಗೆಯುವ” ಎಂದು ತೀರ್ಪು ಕೊಟ್ಟಳು.

ಆ ನಂಬರು ಹೋದರೆ ನನ್ನಲ್ಲಿ ಹೇಳಿಕೊಳ್ಳಲು ಇನ್ನೇನಿದೆ? “ಅಂಕಿ ಕೂಡಿಸಿದ್ರೆ ಎಂತ ಗೊತ್ತಾಗ್ತದೆ? ಅಂಕಿಗಳ ಮೊತ್ತಕ್ಕೂ ಸಂಖ್ಯೆಯ ಗುಣಕ್ಕೂ ಎಂತ ಸಂಬಂಧ?” ಎಂದು ಗುಡುಗಿದೆ. ಇಪ್ಪತ್ತು ವರ್ಷ ಪಾಠ ಮಾಡಿದವನ ಗುಡುಗು.

ಹೆಂಡತಿಯ ಅಣ್ಣ ಎಡಗೈಯಲ್ಲಿ ಫೋನು ಹಿಡಿದು ಕೂಡುತ್ತಲೇ ಇದ್ದರು. “ಐವತ್ತನಾಲ್ಕು. ಐದೂ ನಾಲ್ಕೂ ಒಂಬತ್ತು! ಭಾರೀ ಒಳ್ಳೆ ನಂಬರ್ ಭಾವ, ಯಾವತ್ತೂ ಬಿಡ್ಬೇಡಿ.”

ಗೆದ್ದೆ ಎನ್ನುವಷ್ಟರಲ್ಲಿ ತುತ್ತು ಗಂಟಲಲ್ಲೇ ನಿಂತಿತು. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. ಪ್ರಾಥಮಿಕ ಶಾಲೆಯ ಪಾಠ. ಎರಡು, ಮೂರು, ಐದು ಚಿಕ್ಕ ಮಕ್ಕಳ ಕೆಲಸ, ನನ್ನಂಥವನಿಗೆ ಅವೆಂಥದು ಎಂದು ನಾನು ಆ ರಜೆಯಲ್ಲಿ ಭಾಗಾಕಾರವನ್ನು ಏಳರಿಂದಲೇ ಶುರು ಮಾಡಿ, ಹನ್ನೊಂದು, ಹದಿಮೂರು ಎಂದು ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದ್ದೆ. ಅವಿಭಾಜ್ಯವಂತೆ, ನನ್ನ ತಲೆ! ನಿಜಕ್ಕೂ ಕಣ್ಣಲ್ಲಿ ನೀರು ಬಂತು.

“ಎಂತಾಯ್ತು, ಮುಳ್ಳು ಸಿಕ್ಕಿತಾ?” ಎಂದಳು ಹೆಂಡತಿ.

“ಹೂಂ” ಎಂದೆ.

ಗಣಿತ ಬರುವುದಿಲ್ಲವೆಂದು ಒಪ್ಪಿಕೊಳ್ಳುವುದಕ್ಕಿಂತ ಸಂಖ್ಯಾಶಾಸ್ತ್ರವನ್ನು ನಂಬುವುದು ಮೇಲೆಂದು ಆ ಊಟದಲ್ಲೇ ತೀರ್ಮಾನಿಸಿದೆ. ಈಗ ತರಗತಿಯಲ್ಲಿ ನಂಬರಿನ ಮಾತು ಬಂದರೆ, “ಮೊತ್ತ ಒಂಬತ್ತು, ಬಹಳ ಶುಭ” ಎನ್ನುತ್ತೇನೆ. ಮೊನ್ನೆ ಪ್ರಿನ್ಸಿಪಾಲರೇ ಕೋಣೆಗೆ ಕರೆದು, ಬಾಗಿಲು ಹಾಕಿ, ತಮ್ಮ ಹೊಸ ಕಾರಿನ ನಂಬರು ಕೊಟ್ಟು ಕೈಕಟ್ಟಿ ಕುಳಿತರು. ಗಂಭೀರವಾಗಿ ಕೂಡಿ, “ಒಳ್ಳೆಯದುಂಟು ಸರ್” ಎಂದೆ. ಬಾಯಿ ಬಿಡುವ ಮೊದಲು ಮೂರರಿಂದಲೂ ಭಾಗಿಸಿ ನೋಡಿಕೊಂಡಿದ್ದೆ.